ಮಂಡ್ಯದ ಕಥೆಯ ಧಾರಾವಾಹಿಗೆ ಆನ್‌ಲೈನ್ ಆಟ: ಟಿವಿ ಮುಂದಿನವರನ್ನು ಫೋನಿಗೆ ಕರೆತರುವುದು ಹೇಗೆ?

ಪ್ರಶ್ನೆ · ಕುವೆಂಪುನಗರ_ಡೆಸ್ಕ್

ಎಲ್ಲರಿಗೂ ನಮಸ್ಕಾರ. ನಮ್ಮದು ಮೈಸೂರಿನಲ್ಲಿ ಆರು ಜನರ ಡಿಜಿಟಲ್ ತಂಡ. ಕನ್ನಡದ ಮನರಂಜನಾ ವಾಹಿನಿಯೊಂದರ ಹೊಸ ಧಾರಾವಾಹಿಗೆ ಆನ್‌ಲೈನ್ ಪ್ರಚಾರ ಮಾಡಿಕೊಡುವ ಕೆಲಸ ಬಂದಿದೆ. ಕಥೆ ನಡೆಯುವುದು ಮಂಡ್ಯ ಸೀಮೆಯ ಒಂದು ಆಲೆಮನೆಯಲ್ಲಿ. ಅಣ್ಣತಮ್ಮಂದಿರ ಪಾಲಿನ ಜಗಳ, ಲೆಕ್ಕದಲ್ಲಿ ಮೋಸ, ಆ ಮೋಸ ಕಂಡುಹಿಡಿಯುವ ಹೊಸ ಸೊಸೆ. ಸೋಮವಾರದಿಂದ ಶುಕ್ರವಾರ ರಾತ್ರಿ 8ಕ್ಕೆ ಪ್ರಸಾರ. ಶುರುವಾಗಲು ಇನ್ನು ಆರು ವಾರ ಇದೆ.

ಪೋಸ್ಟರು, ರೀಲ್ಸು, ಪ್ರೋಮೋ ಎಲ್ಲ ವಾಹಿನಿಯವರೇ ಮಾಡಿಕೊಳ್ಳುತ್ತಾರೆ. ನಮ್ಮಿಂದ ಬೇಕಿರುವುದು ವೀಕ್ಷಕರು ತಾವೇ ಕೈಹಾಕಿ ಆಡುವಂಥದ್ದು, ಕಂತು ಮುಗಿದ ಮೇಲೂ ಮನೆಯವರು ಮಾತಾಡಿಕೊಳ್ಳುವಂಥದ್ದು. ಆ್ಯಪ್ ಮಾಡಬೇಕೋ, ವೆಬ್ ಪುಟ ಸಾಕೋ, ವಾಟ್ಸಾಪ್ ಬಾಟ್ (ತಾನಾಗಿಯೇ ಉತ್ತರ ಕೊಡುವ ಖಾತೆ) ಒಳ್ಳೆಯದೋ? ಟಿವಿ ಪರದೆಯ ಮೇಲೆ ಕ್ಯೂಆರ್ ಹಾಕಿದರೆ ಜನ ನಿಜವಾಗಿ ಸ್ಕ್ಯಾನ್ ಮಾಡುತ್ತಾರಾ? 'ಆಲೆಮನೆ ಅಣ್ಣನಿಗೋ ತಮ್ಮನಿಗೋ' ಅಂತ ಓಟು ಹಾಕಿಸಿ ಎಂಬ ಸಲಹೆ ವಾಹಿನಿಯಿಂದ ಬಂದಿದೆ. ಸೊಸೆ ಮನೆ ಬಿಟ್ಟುಹೋಗುವ ಕಂತಿನ ದಿನ 'ಕಾಣೆಯಾಗಿದ್ದಾರೆ' ಪೋಸ್ಟರನ್ನು ವಾಟ್ಸಾಪ್ ಗುಂಪುಗಳಿಗೆ ಬಿಡೋಣ ಅನ್ನುವ ಮಾತೂ ಇದೆ. ಈ ಕೆಲಸ ಗೊತ್ತಿರುವವರು ವಿವರವಾಗಿ ತಿಳಿಸಿ. ಎಲ್ಲಿ ಎಡವುತ್ತೇವೆ ಅನ್ನುವುದು ಮೊದಲು ಗೊತ್ತಾಗಬೇಕು.

ಉತ್ತರ 1 · ಕಾರಂಜಿ_ದಡ

ಆ್ಯಪೋ ವೆಬ್ಬೋ ಆಮೇಲಿನ ಮಾತು ಸರ್. ಇವತ್ತು ರಾತ್ರಿ 8.30ರಿಂದ ನಾಳೆ ರಾತ್ರಿ 8ರವರೆಗೆ ವೀಕ್ಷಕರ ಕೈಯಲ್ಲಿ ಏನಿರುತ್ತದೆ, ಮುಂದಿನ ಕಂತು ಅದನ್ನು ಹೇಗೆ ಮುಟ್ಟುತ್ತದೆ, ಇದನ್ನು ಮೊದಲು ತೀರ್ಮಾನಿಸಿ. ಕಂತಿಗೂ ಆಟಕ್ಕೂ ಕೊಡುಕೊಳ್ಳುವಿಕೆ ಇಲ್ಲದಿದ್ದರೆ ಅದು ಧಾರಾವಾಹಿಯ ಹೆಸರು ಅಂಟಿಸಿಕೊಂಡ ಮಾಮೂಲಿ ಕ್ವಿಜ್. ಅಂಥದ್ದಕ್ಕೆ ಮೊದಲ ವಾರ ಬಂದವರು ಎರಡನೇ ವಾರ ಬರುವುದಿಲ್ಲ.

ಈ ದಾರಿ ಹೊಸದೇನಲ್ಲ. 1998ರಲ್ಲೇ ಅಮೆರಿಕದ 'ಡಾಸನ್ಸ್ ಕ್ರೀಕ್' ಧಾರಾವಾಹಿಗೆ 'ಡಾಸನ್ಸ್ ಡೆಸ್ಕ್‌ಟಾಪ್' ಅನ್ನುವ ತಾಣ ಮಾಡಿದ್ದರು. ತೆರೆದರೆ ಕಾಣುವುದು ನಾಯಕನ ಕಂಪ್ಯೂಟರ್ ಪರದೆ. ಅವನ ಇಮೇಲು, ಡೈರಿ ಎಲ್ಲ ಓದಬಹುದು. 2005ರಲ್ಲಿ ಬ್ರಿಟನ್ನಿನ ಧಾರಾವಾಹಿ 'ಡಾಕ್ಟರ್ ಹೂ' ಮತ್ತೆ ಶುರುವಾದಾಗ ಮೊದಲ ಕಂತಿನಲ್ಲಿ ರೋಸ್ ಅನ್ನುವ ಹುಡುಗಿ ಅಂತರ್ಜಾಲದಲ್ಲಿ ಹುಡುಕಿ ಒಬ್ಬಾತನ ತಾಣ ನೋಡುತ್ತಾಳೆ. ಅದೇ ತಾಣವನ್ನು ಬಿಬಿಸಿ ನಿಜವಾಗಿಯೂ ತೆರೆದಿಟ್ಟಿತ್ತು. ನನ್ನ ಲೆಕ್ಕದಲ್ಲಿ ಈ ಇಡೀ ವಿದ್ಯೆಯ ತಿರುಳು ಇಷ್ಟೇ: ಪಾತ್ರದ ಕೈಯಲ್ಲಿರುವ ವಸ್ತು ನೋಡುವವರ ಕೈಗೂ ಸಿಗಬೇಕು.

2006ರ 'ದಿ ಲಾಸ್ಟ್ ಎಕ್ಸ್‌ಪೀರಿಯನ್ಸ್' ಅನ್ನುವ ಒಗಟಿನಾಟ ಇನ್ನೂ ದೊಡ್ಡದು. 'ಲಾಸ್ಟ್' ಧಾರಾವಾಹಿಯ ಎರಡನೇ ಮತ್ತು ಮೂರನೇ ಸೀಸನ್ನಿನ ನಡುವಿನ ಬಿಡುವಿನಲ್ಲಿ ಅಮೆರಿಕದ ಎಬಿಸಿ, ಬ್ರಿಟನ್ನಿನ ಚಾನೆಲ್ 4, ಆಸ್ಟ್ರೇಲಿಯಾದ ಸೆವೆನ್ ಸೇರಿ ನಡೆಸಿದ್ದು. ಕಥೆಯೊಳಗಿನ ಒಂದು ಸಂಸ್ಥೆಯ ಜಾಹೀರಾತನ್ನು ನಿಜದ ಜಾಹೀರಾತಿನಂತೆ ಪ್ರಸಾರ ಮಾಡಿ, ಅದರಲ್ಲಿ ಫೋನ್ ನಂಬರ್ ಕೊಟ್ಟಿದ್ದರು. ಇಂಥ ಸುದೀರ್ಘ ಒಗಟಿನ ತೊಂದರೆ ಅಂದರೆ ಬಿಡಿಸುವವರು ಬೆರಳೆಣಿಕೆಯ ಹುರುಪಿನವರು; ಮಿಕ್ಕವರು ಅವರು ಬರೆದ ಉತ್ತರ ಓದಿ ಸುಮ್ಮನಾಗುತ್ತಾರೆ. ದಿನವಹಿ ಧಾರಾವಾಹಿಗೆ ಅದು ಒಗ್ಗುವುದಿಲ್ಲ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಾ ಒಂದು ಕಣ್ಣಲ್ಲಿ ಟಿವಿ ನೋಡುವವರಿಗೂ ಹತ್ತು ಸೆಕೆಂಡಿನಲ್ಲಿ ಮಾಡಿ ಮುಗಿಸುವಂಥದ್ದು ಏನಾದರೂ ಇರಬೇಕು.

2017ರಲ್ಲಿ 'ಕೌನ್ ಬನೇಗಾ ಕರೋಡ್‌ಪತಿ'ಗೆ ತಂದ 'ಪ್ಲೇ ಅಲಾಂಗ್' (ಟಿವಿಯ ಪ್ರಶ್ನೆಗೆ ವೀಕ್ಷಕರೂ ಫೋನಿನಲ್ಲಿ ಉತ್ತರಿಸುವ ಆಟ) ಚೆನ್ನಾಗಿ ಕೂತದ್ದಕ್ಕೆ ಕಾರಣ ಇದೇ. ನಾಲ್ಕು ಆಯ್ಕೆ, ಗಡಿಯಾರ, ಬೀಗ ಹಾಕುವ ಮಾತು, ಎಲ್ಲ ನಿಯಮ ಜನಕ್ಕೆ ಮೊದಲೇ ಬಾಯಿಪಾಠ. ಹೊಸದಾಗಿ ಕಲಿಸುವುದು ಏನೂ ಇರಲಿಲ್ಲ.

ನಿಮ್ಮ ಕಥೆಯಲ್ಲಿ ಅಂಥ ವಸ್ತು ಕಣ್ಣೆದುರೇ ಇದೆ: ಆಲೆಮನೆಯ ಲೆಕ್ಕದ ಪುಸ್ತಕ. ಕಂತಿನಲ್ಲಿ ಸೊಸೆ ಒಂದು ಹಾಳೆ ತಿರುವುತ್ತಾಳೆ, ನಾಲ್ಕು ಸೆಕೆಂಡು ಕ್ಲೋಸಪ್. ಅದೇ ಹಾಳೆ ಆ ರಾತ್ರಿ ಫೋನಿನಲ್ಲಿ ತೆರೆಯುತ್ತದೆ, ಹಿಗ್ಗಿಸಿ ನೋಡಬಹುದು. ಯಾವ ಸಾಲು ತಾಳೆಯಾಗುವುದಿಲ್ಲವೋ ಆ ಸಾಲಿನ ಮೇಲೆ ಬೆರಳಿಡುವುದೇ ಆಟ. ವಾರಕ್ಕೆ ನಾಲ್ಕು ಹಾಳೆ. ಶುಕ್ರವಾರದ ಕಂತಿನಲ್ಲಿ ಸೊಸೆಯೂ ಅದೇ ಸಾಲಿನ ಮೇಲೆ ಬೆರಳಿಡುತ್ತಾಳೆ. 'ಇದು ನನಗೆ ಮಂಗಳವಾರವೇ ಸಿಕ್ಕಿತ್ತು' ಅಂತ ಅತ್ತೆ ಸೊಸೆಗೆ ಹೇಳುವ ಆ ಒಂದು ಕ್ಷಣಕ್ಕಾಗಿ ಇಷ್ಟೆಲ್ಲ ಮಾಡುವುದು.

ಇದಕ್ಕೆ ಈಗಿಂದಲೇ ನಿರ್ದೇಶಕರ ತಂಡಕ್ಕೂ ಕಲಾ ವಿಭಾಗಕ್ಕೂ ತಿಳಿಸಿ. ಪುಸ್ತಕ ಒಂದೇ ಇರಲಿ, ಬರೆಯುವ ಕೈ ಒಂದೇ ಇರಲಿ, ಪೆನ್ನಿನ ಶಾಯಿಯೂ ಒಂದೇ. ಚಿತ್ರೀಕರಣ ಮುಗಿದ ಕೂಡಲೇ ಸೆಟ್ಟಿನಲ್ಲೇ ಆ ಹಾಳೆಯನ್ನು ನೇರ ಮೇಲಿನಿಂದ, ಎರಡು ಬದಿಯ ಬೆಳಕಿನಲ್ಲಿ ಫೋಟೋ ತೆಗೆಯಿರಿ. ಆಮೇಲೆ ಬೇರೆ ಪುಸ್ತಕದಲ್ಲಿ ನಕಲು ಮಾಡಿ ತೆಗೆದರೆ ಒಂದು ಕಾಫಿ ಕಲೆ ಇಲ್ಲದ್ದನ್ನೂ ವೀಕ್ಷಕರು ಹಿಡಿಯುತ್ತಾರೆ, ಅದನ್ನೇ ಸುಳಿವು ಅಂತ ಬೆನ್ನುಹತ್ತುತ್ತಾರೆ. ಪುಸ್ತಕದ ಕ್ಲೋಸಪ್ಪುಗಳನ್ನು ನಟರಿಲ್ಲದ ಬಿಡಿ ಶಾಟ್ ಆಗಿ ತೆಗೆದಿಟ್ಟರೆ ಕಡೇ ಗಳಿಗೆಯಲ್ಲಿ ಹಾಳೆ ಬದಲಾಯಿಸಬೇಕಾದರೂ ದೃಶ್ಯವನ್ನು ಮತ್ತೆ ಚಿತ್ರೀಕರಿಸಬೇಕಾಗಿಲ್ಲ.

ಉತ್ತರ 2 · ಹೆಬ್ಬಾಳ್_ಸರ್ವರ್

ಮೇಲಿನವರ ಪುಸ್ತಕದ ಯೋಚನೆ ಹಿಡಿದೇ ತಾಂತ್ರಿಕ ಭಾಗ ಹೇಳುತ್ತೇನೆ. ಆ್ಯಪ್ ಬೇಡ. ಆಟ ಹತ್ತು ಸೆಕೆಂಡಿನದು, ಇಳಿಸಿಕೊಳ್ಳಲು ಎರಡು ನಿಮಿಷ, ಯಾರೂ ಕಾಯುವುದಿಲ್ಲ. ಹಗುರವಾದ ವೆಬ್ ಪುಟ ಮಾಡಿ, ಮೊದಲ ಸಲ ತೆರೆಯುವಾಗ ಒಟ್ಟು 300 ಕೆಬಿ ಮೀರದಂತೆ ನೋಡಿಕೊಳ್ಳಿ. ಹಾಳೆಯ ದೊಡ್ಡ ಚಿತ್ರ ಹಿಗ್ಗಿಸಿದಾಗ ಮಾತ್ರ ತುಂಡು ತುಂಡಾಗಿ ಇಳಿಯಲಿ.

ಕ್ಯೂಆರ್ ಅಳತೆ. ಎಸ್‌ಡಿ (ಸಾಮಾನ್ಯ ಸ್ಪಷ್ಟತೆಯ) ಪ್ರಸಾರಕ್ಕೆ ಎತ್ತರದಲ್ಲಿ 576 ಗೆರೆ. ಕ್ಯೂಆರ್‌ನ ಒಂದೊಂದು ಪುಟ್ಟ ಚೌಕಕ್ಕೆ 6 ಗೆರೆಯಾದರೂ ಇಟ್ಟುಕೊಳ್ಳಿ. ಕಡಿಮೆಯಾದರೆ ಸಿಗ್ನಲ್ ಕುಗ್ಗಿಸುವಾಗ ಅಂಚುಗಳು ಕಲಸಿಹೋಗುತ್ತವೆ. ಉದ್ದ ವಿಳಾಸ ಕೊಟ್ಟು ಬದಿಗೆ 33 ಚೌಕದ ಕೋಡ್ ಆಯಿತು ಅನ್ನಿ. ಸುತ್ತಲಿನ ಬಿಳಿ ಅಂಚು ಬದಿಗೆ 4ರಂತೆ ಸೇರಿಸಿದರೆ 41. ಆರರಿಂದ ಗುಣಿಸಿದರೆ 246 ಗೆರೆ, ಪರದೆಯ ಎತ್ತರದ ಶೇ. 43. ಅಷ್ಟು ಜಾಗ ಯಾವ ನಿರ್ದೇಶಕರೂ ಬಿಡುವುದಿಲ್ಲ. ವಿಳಾಸ ಗಿಡ್ಡ ಮಾಡಿ, ಇಂಗ್ಲಿಷಿನ ದೊಡ್ಡಕ್ಷರದಲ್ಲೇ ಬರೆದು ಕೋಡ್ ಮಾಡಿ. ಬರೀ ದೊಡ್ಡಕ್ಷರ, ಅಂಕಿ, ಕೆಲವು ಚಿಹ್ನೆಗಳಷ್ಟೇ ಇದ್ದರೆ ಎಂ ಮಟ್ಟದ ದೋಷ ತಿದ್ದುಪಡಿಯಲ್ಲಿ (ಕೋಡ್ ತುಸು ಕೆಟ್ಟರೂ ಓದಿಸುವ ಏರ್ಪಾಡು) 20 ಅಕ್ಷರದವರೆಗೆ 21 ಚೌಕದ ಅತಿ ಚಿಕ್ಕ ಕೋಡ್ ಸಾಕು. ಆರಂಭದ ಎಚ್‌ಟಿಟಿಪಿಎಸ್ ಮತ್ತು ಅದರ ಮೂರು ಚಿಹ್ನೆಗೆ 8 ಹೋಗುತ್ತದೆ, ಉಳಿದ 12ರಲ್ಲಿ ನಿಮ್ಮ ಡೊಮೇನ್ (ತಾಣದ ಹೆಸರು) ಕೂರಬೇಕು. ಆಗ ಅಂಚು ಸೇರಿ 29ನ್ನು 6ರಿಂದ ಗುಣಿಸಿ 174 ಗೆರೆ, ಶೇ. 30. ಒಂದು ಎಚ್ಚರ: ಡೊಮೇನಿಗೆ ದೊಡ್ಡಕ್ಷರ ಚಿಕ್ಕಕ್ಷರ ಎರಡೂ ಒಂದೇ, ಓರೆಗೆರೆಯ ನಂತರದ ಭಾಗಕ್ಕೆ ಹಾಗಲ್ಲ. ಸರ್ವರಿನಲ್ಲಿ ಎರಡನ್ನೂ ಒಪ್ಪುವಂತೆ ಬರೆದಿರಬೇಕು.

32 ಇಂಚಿನ ಟಿವಿಯ ಎತ್ತರ ಸುಮಾರು 16 ಇಂಚು. ಅದರ ಶೇ. 30 ಅಂದರೆ ಐದು ಇಂಚಿಗೆ ತುಸು ಕಡಿಮೆ. ಕೋಡಿನ ಅಳತೆಯ ಹತ್ತು ಪಟ್ಟು ದೂರದಿಂದ ಸಲೀಸಾಗಿ ಓದುತ್ತದೆ ಅನ್ನುವುದು ರೂಢಿಯ ಲೆಕ್ಕ. ಹಾಗಾಗಿ ನಾಲ್ಕು ಅಡಿ. ದಿವಾನದ ಮೇಲೆ ಕೂತವರು ಫೋನು ಹುಡುಕಿ, ಕ್ಯಾಮೆರಾ ತೆರೆದು, ಎದ್ದು ಬರಬೇಕು. 20 ಸೆಕೆಂಡಿಗಿಂತ ಕಡಿಮೆ ತೋರಿಸಿದರೆ ಪ್ರಯೋಜನವಿಲ್ಲ. ಕೆಳಗಿನ ಪಟ್ಟಿಯಲ್ಲಿ ಮುಂದಿನ ಕಾರ್ಯಕ್ರಮದ ಜಾಹೀರಾತು ಮೇಲೆ ಬಂದು ಕೂರುತ್ತದೆ, ಅಲ್ಲಿ ಹಾಕಬೇಡಿ. ಎಡಿಟಿಂಗ್ ಮಾನಿಟರ್ ನೋಡಿ ಸರಿಯಿದೆ ಅಂದುಕೊಳ್ಳಬೇಡಿ. ಮಂಡ್ಯದ ಯಾವುದಾದರೂ ಮನೆಯ ಕೇಬಲ್ ಬಾಕ್ಸಿನಲ್ಲಿ ಬಂದ ಚಿತ್ರದ ಮೇಲೆ ಅಗ್ಗದ ಫೋನಿನಲ್ಲಿ ಪರೀಕ್ಷಿಸಿ.

ಫೋನಿನಲ್ಲೇ ಕಂತು ನೋಡುವವರಿಗೆ ಕ್ಯೂಆರ್ ಉಪಯೋಗಕ್ಕೆ ಬಾರದು, ಅದೇ ಫೋನು ತನ್ನನ್ನೇ ಸ್ಕ್ಯಾನ್ ಮಾಡಲಾಗದು. ಅವರಿಗೆ ಬಾಯಲ್ಲಿ ಹೇಳಬಹುದಾದ ಗಿಡ್ಡ ವಿಳಾಸ, ಜೊತೆಗೆ ಒಂದು ಮಿಸ್ಡ್ ಕಾಲ್ ನಂಬರ್ ಇರಲಿ. ಕರೆ ಕೊಟ್ಟರೆ ಸೊಸೆಯ ಪಾತ್ರಧಾರಿಯ ದನಿಯಲ್ಲೇ 25 ಸೆಕೆಂಡಿನ ಮರುಕರೆ. ನಮ್ಮೂರ ಕಡೆ ಇದಕ್ಕಿಂತ ಸುಲಭದ ಬಾಗಿಲು ಬೇರೆ ಇಲ್ಲ.

ಸರ್ವರ್ ಬೀಳುವುದು ಒಟ್ಟು ಜನಸಂಖ್ಯೆಯಿಂದಲ್ಲ, ಎಲ್ಲರೂ ಒಂದೇ ಜಾಹೀರಾತು ಬಿಡುವಿನಲ್ಲಿ ನುಗ್ಗುವುದರಿಂದ. 50,000 ಜನ ಒಂದು ನಿಮಿಷದಲ್ಲಿ ಬಂದರೆ ಸೆಕೆಂಡಿಗೆ 833. 300 ಕೆಬಿಯಂತೆ 15 ಜಿಬಿ, ಅಂದರೆ ಆ ನಿಮಿಷವಿಡೀ ಸೆಕೆಂಡಿಗೆ 2 ಗಿಗಾಬಿಟ್. ಪುಟ, ಚಿತ್ರ ಎಲ್ಲ ಸಿಡಿಎನ್ (ಹಲವು ಊರಿನ ಸರ್ವರುಗಳಿಂದ ಪುಟ ಹಂಚುವ ಸೇವೆ) ಮೇಲಿರಲಿ. ನಿಮ್ಮ ಸರ್ವರಿಗೆ ಬರಬೇಕಾದ್ದು ಬೆರಳಿಟ್ಟ ಸಾಲಿನ ಸಂಖ್ಯೆ ಮಾತ್ರ. ಅದನ್ನೂ ನೇರ ಡೇಟಾಬೇಸಿಗೆ ಬರೆಯದೆ ಸರದಿಯಲ್ಲಿ ನಿಲ್ಲಿಸಿ. ಪುಟದಲ್ಲೇ 0ದಿಂದ 8 ಸೆಕೆಂಡಿನ ಯಾದೃಚ್ಛಿಕ ತಡ ಇಟ್ಟು ಕಳಿಸಿದರೆ ನೂಕುನುಗ್ಗಲು ಹರಡಿಕೊಳ್ಳುತ್ತದೆ, ಆಡುವವರಿಗೆ ಗೊತ್ತೂ ಆಗುವುದಿಲ್ಲ.

ಇನ್ನೊಂದು ಸಾಮಾನ್ಯ ತಪ್ಪು: ಒಂದೇ ಐಪಿಯಿಂದ (ಅಂತರ್ಜಾಲ ವಿಳಾಸದಿಂದ) ತುಂಬಾ ಉತ್ತರ ಬಂತು ಅಂತ ತಡೆಹಿಡಿಯುವುದು. ಮೊಬೈಲ್ ಕಂಪನಿಗಳು ಒಂದು ಐಪಿಯ ಹಿಂದೆ ಬಹಳ ಚಂದಾದಾರರನ್ನು ಇಟ್ಟಿರುತ್ತವೆ. ಹಾಗೆ ತಡೆದರೆ ಇಡೀ ಪಾಂಡವಪುರ ಹೊರಗುಳಿಯಬಹುದು.

ಉತ್ತರ 3 · ಒತ್ತಕ್ಷರ

ಕನ್ನಡ ಅಕ್ಷರದ ವಿಚಾರ ಯಾರೂ ಎತ್ತಿಲ್ಲ, ಅಲ್ಲೇ ಬಹಳ ಜನ ಸಿಕ್ಕಿಬೀಳುತ್ತಾರೆ.

ವಾಟ್ಸಾಪ್ ಬಾಟ್ ಮಾಡುವುದಾದರೆ ಒಂದು ಸಂದೇಶಕ್ಕೆ ಉತ್ತರದ ಗುಂಡಿ ಮೂರೇ, ಒಂದೊಂದರ ಮೇಲೆ 20 ಅಕ್ಷರ. ಇಂಗ್ಲಿಷಿನಲ್ಲಿ ಯೋಚಿಸಿದವರಿಗೆ ಧಾರಾಳ ಅನಿಸುತ್ತದೆ. 'ಕಾರ್ಖಾನೆಯ ಮ್ಯಾನೇಜರ್' ಅಂತ ಬರೆದು ನೋಡಿ. ಓದುವ ಕಣ್ಣಿಗೆ ಎಂಟು ಅಕ್ಷರ. ಯಂತ್ರ ಎಣಿಸುವಾಗ ದೀರ್ಘ, ಅರ್ಕಾವೊತ್ತು, ಹಲಂತದ ಚಿಹ್ನೆ ಎಲ್ಲ ಬೇರೆ ಬೇರೆ. ನಡುವಿನ ತೆರಪೂ ಸೇರಿ 19. ಕೊನೆಗೆ ಒಂದು 'ನೇ' ಸೇರಿಸಿದರೂ ತುಂಬಿ ಹೋಗುತ್ತದೆ. ಗುಂಡಿಯ ಪದಗಳನ್ನು ಬರಹಗಾರರಿಗೆ ಬಿಡುವ ಮೊದಲೇ ಈ ಎಣಿಕೆಯ ಪಟ್ಟಿ ಕೊಡಿ.

ಎಸ್ಸೆಮ್ಮೆಸ್ ಕೂಡ ಹಾಗೇ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160, ಕನ್ನಡದಲ್ಲಿ 70. 'ನಿಮ್ಮ ಓಟಿಪಿ 482913. ಯಾರಿಗೂ ಹೇಳಬೇಡಿ.' ಇಷ್ಟಕ್ಕೇ 35 ಆಯಿತು. ಎಪ್ಪತ್ತು ದಾಟಿದರೆ ಎರಡು ಸಂದೇಶದ ದುಡ್ಡು. ಜೊತೆಗೆ ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್‌ನ 2018ರ ನಿಯಮಾವಳಿಯಂತೆ ಕಳಿಸುವವರ ಹೆಸರು, ಒಕ್ಕಣೆ ಎರಡನ್ನೂ ಡಿಎಲ್‌ಟಿ ಅನ್ನುವ ನೋಂದಣಿ ವ್ಯವಸ್ಥೆಯಲ್ಲಿ ಮೊದಲೇ ನೋಂದಾಯಿಸಿರಬೇಕು. ಒಂದು ಪದ ಬದಲಾದರೂ ಸಂದೇಶ ದಾರಿಯಲ್ಲೇ ಬಿದ್ದುಹೋಗುತ್ತದೆ. ಒಕ್ಕಣೆ ಈ ವಾರವೇ ಅಂತಿಮಗೊಳಿಸಿ. ಆಡಲು ಓಟಿಪಿ ಕೇಳಲೇಬೇಡಿ. ಬಹುಮಾನ ಪಡೆಯುವಾಗ ಕೇಳಿದರೆ ಸಾಕು. ರಾತ್ರಿ 8.10ಕ್ಕೆ ಎಲ್ಲರಿಗೂ ಒಟ್ಟಿಗೆ ಓಟಿಪಿ ಹೊರಟರೆ ಅದು ತಲುಪುವ ಹೊತ್ತಿಗೆ ಕಂತು ಮುಗಿದಿರುತ್ತದೆ.

ವಾಟ್ಸಾಪಿನಲ್ಲಿ ಇನ್ನೊಂದು ಕಟ್ಟು: ಬಳಕೆದಾರರು ಕಡೆಯ ಸಲ ಬರೆದು 24 ಗಂಟೆ ಕಳೆದರೆ ನೀವಾಗಿ ಕಳಿಸುವುದಕ್ಕೆ ಅನುಮೋದಿತ ಒಕ್ಕಣೆಯೇ ಬೇಕು, ಅದಕ್ಕೆ ಶುಲ್ಕ. ದಿನಾ ರಾತ್ರಿ 8ಕ್ಕೆ ಬರುವ ಧಾರಾವಾಹಿಗೆ ಇದು ಸೂಕ್ಷ್ಮ. ಸೋಮವಾರ 8.15ಕ್ಕೆ ಆಡಿದವರಿಗೆ ಮಂಗಳವಾರ 8.10ಕ್ಕೆ ಉಚಿತವಾಗಿ ಕಳಿಸಬಹುದು, 8.20ಕ್ಕೆ ಆಗದು. ಶುಕ್ರವಾರ ಆಡಿದವರು ಸೋಮವಾರಕ್ಕೆ ಹೇಗೂ ಕೈತಪ್ಪುತ್ತಾರೆ.

ಉತ್ತರವನ್ನು ಟೈಪ್ ಮಾಡಿಸುವುದಾದರೆ ಹೋಲಿಕೆ ಮಾಡುವ ಮುನ್ನ ಪಠ್ಯವನ್ನು ಯೂನಿಕೋಡಿನ ಎನ್‌ಎಫ್‌ಸಿ ಅನ್ನುವ ಏಕರೂಪಕ್ಕೆ ತನ್ನಿ. 'ಕೋ' ಅನ್ನುವ ಅಕ್ಷರದ ಸ್ವರಚಿಹ್ನೆ ಒಂದೇ ಸಂಕೇತವಾಗಿ ಬರಬಹುದು, ಎರಡು ಮೂರು ತುಂಡಾಗಿಯೂ ಬರಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ. ಕಣ್ಣಿಗೆ ಕಾಣದ ಶೂನ್ಯ ಅಗಲದ ಚಿಹ್ನೆಗಳನ್ನು ತೆಗೆದುಹಾಕಿ. ೧೨ ಮತ್ತು 12 ಎರಡನ್ನೂ ಒಪ್ಪಿ. ಇಂಗ್ಲಿಷ್ ಅಕ್ಷರದಲ್ಲಿ 'ಬೆಲ್ಲ' ಅಂತ ಬರೆಯುವವರು ಅರ್ಧಕ್ಕರ್ಧ ಇರುತ್ತಾರೆ, ಅವರ ಕಾಗುಣಿತ ನಾಲ್ಕು ಬಗೆ. ಸರಿಯುತ್ತರ ಬರೆದವರಿಗೆ 'ತಪ್ಪು' ಅಂತ ಬಂದರೆ ಅವರು ಮತ್ತೆ ಬರುವುದಿಲ್ಲ, ಆ ಸಿಟ್ಟು ನ್ಯಾಯವಾದದ್ದೇ. ಅದಕ್ಕೇ ಬೆರಳಿಡುವ ಆಟ ನನಗೆ ಹೆಚ್ಚು ಹಿಡಿಸಿತು.

ಕುವೆಂಪುನಗರ_ಡೆಸ್ಕ್

ತುಂಬಾ ಉಪಕಾರವಾಯಿತು. ವಾಹಿನಿಗೆ ಕೇಳಿದೆ: ಪ್ರಸಾರಕ್ಕಿಂತ 12 ಕಂತು ಮುಂದೆ ಚಿತ್ರೀಕರಣ ಆಗಿರುತ್ತದಂತೆ. ಓಟಿನ ವಿಷಯ, ಪೋಸ್ಟರಿನ ವಿಷಯ ಯಾರಾದರೂ ಹೇಳಿ. ಬಹುಮಾನವಾಗಿ ಸ್ಕೂಟರ್ ಕೊಡೋಣ ಅನ್ನುತ್ತಿದ್ದಾರೆ.

ಉತ್ತರ 4 · ಕೋರ್ಟ್_ಮುಂದಿನ_ರಸ್ತೆ

12 ಕಂತು ಅಂದರೆ ವಾರಕ್ಕೆ ಐದರಂತೆ ಎರಡು ವಾರದ ಮೇಲಾಯಿತು. ಇವತ್ತು ಹಾಕಿದ ಓಟು ಕಥೆಯಲ್ಲಿ ಕಾಣಲು ಅಷ್ಟು ದಿನ ಬೇಕು. 'ನಿಮ್ಮ ಓಟಿನಿಂದ ಕಥೆ ಬದಲಾಗುತ್ತದೆ' ಅಂತ ಹೇಳಿ, ಮೊದಲೇ ತೆಗೆದಿಟ್ಟದ್ದನ್ನು ತೋರಿಸಿದರೆ ಅದು ವೀಕ್ಷಕರಿಗೆ ಮಾಡುವ ವಂಚನೆ. 'ನಿಮ್ಮ ಅಭಿಪ್ರಾಯ' ಅಂತ ಕೇಳಿ, ಫಲಿತಾಂಶವನ್ನು ಮರುದಿನ ಪುಟದಲ್ಲಿ ಹಾಕಿ. ನಿಜವಾಗಿ ಬದಲಿಸುವುದಾದರೆ ಚಿಕ್ಕದನ್ನು ಕೊಡಿ: ಆಲೆಮನೆಯ ಹೊಸ ಬೋರ್ಡಿನ ಹೆಸರು, ಕರುವಿನ ಹೆಸರು. ಬಿಡಿ ಶಾಟಿನಲ್ಲಿ ಮುಗಿಯುವಂಥದ್ದು.

'ಕಾಣೆಯಾಗಿದ್ದಾರೆ' ಪೋಸ್ಟರ್ ದಯವಿಟ್ಟು ಬೇಡ. ಟಿವಿಯಲ್ಲಿ ನೋಡಿದವರಿಗೆ ಅದು ಕಥೆ. ನಾಲ್ಕನೇ ಫಾರ್ವರ್ಡಿನ ಹೊತ್ತಿಗೆ ಅದೊಂದು ನಿಜವಾದ ಹೆಣ್ಣುಮಗಳು ಕಾಣೆಯಾದ ಸುದ್ದಿ. ಜನ ಠಾಣೆಗೆ ಫೋನ್ ಮಾಡುತ್ತಾರೆ, ಬೀದಿಯಲ್ಲಿ ಹೋಗುವ ಯಾರನ್ನೋ ಅವಳೇ ಅಂದುಕೊಂಡು ಹಿಂಬಾಲಿಸುತ್ತಾರೆ. ಕಥೆಯೊಳಗಿನ ಯಾವ ಕಾಗದವನ್ನು ಹೊರಗೆ ಬಿಟ್ಟರೂ ವಾಹಿನಿಯ ಲಾಂಛನ, ಧಾರಾವಾಹಿಯ ಹೆಸರು ಚಿತ್ರದ ನಡುಭಾಗದಲ್ಲೇ ಬೆರೆತಿರಲಿ. ಅಂಚಿನಲ್ಲಿದ್ದರೆ ಕತ್ತರಿಸಿ ಕಳಿಸುತ್ತಾರೆ. ತೂಕದ ಚೀಟಿ ಮಾಡುವಾಗ ಮಂಡ್ಯದ ಮೈಶುಗರ್ ಕಾರ್ಖಾನೆಯ ಹೆಸರೋ ಅದನ್ನು ಹೋಲುವುದೋ ಬರಬಾರದು, ಅದು 1933ರಿಂದ ಇರುವ ನಿಜದ ಸಂಸ್ಥೆ. ಸರ್ಕಾರದ ಸಿಂಹಲಾಂಛನವನ್ನಂತೂ ಮುಟ್ಟಬೇಡಿ, ಅದರ ದುರ್ಬಳಕೆ ತಡೆಯುವ 2005ರ ಕಾಯ್ದೆ ಇದೆ. ಪರದೆಯಲ್ಲಿ ಕಾಣುವ ಪ್ರತಿ ಫೋನ್ ನಂಬರನ್ನೂ ನೀವೇ ಕೊಂಡಿರಬೇಕು. ಕಲಾ ವಿಭಾಗದವರು ತೋಚಿದ ಹತ್ತು ಅಂಕಿ ಬರೆದರೆ ಆ ನಂಬರಿನವರ ನೆಮ್ಮದಿ ಅವತ್ತಿಗೆ ಮುಗಿಯಿತು.

ಬಹುಮಾನ. ಆಟಕ್ಕೆ ದುಡ್ಡು ತೆಗೆದುಕೊಂಡು ಚೀಟಿ ಎತ್ತಿ ಬಹುಮಾನ ಕೊಟ್ಟರೆ ಲಾಟರಿಯ ವ್ಯಾಪ್ತಿಗೆ ಬರುತ್ತದೆ. ಪ್ರವೇಶ ಪೂರ್ತಿ ಉಚಿತವಿರಲಿ. 2007ರಲ್ಲಿ 'ಕೌನ್ ಬನೇಗಾ ಕರೋಡ್‌ಪತಿ' ಜೊತೆ ನಡೆದ 'ಹರ್ ಸೀಟ್ ಹಾಟ್ ಸೀಟ್' ಸ್ಪರ್ಧೆಯಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ 2.40 ರೂಪಾಯಿ ಇತ್ತು. ಬಹುಮಾನದ ಹಣ ಆ ಎಸ್ಸೆಮ್ಮೆಸ್ಸಿನಿಂದಲೇ ಬಂತು ಅನ್ನುವ ದೂರಿನ ಮೇಲೆ 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ 1 ಕೋಟಿ ರೂಪಾಯಿ ದಂಡನಾತ್ಮಕ ಪರಿಹಾರ ವಿಧಿಸಿತು. ಆರೋಪಕ್ಕೆ ಪುರಾವೆ ಇಲ್ಲ ಅಂತ ಮುಂದೆ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಗೆದ್ದರೂ ಅಷ್ಟು ವರ್ಷ ಕೋರ್ಟು ಅಲೆದದ್ದು ಉಳಿಯುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಅಂತಿಮ ಫಲಿತಾಂಶ ಮುಚ್ಚಿಡುವುದೂ ಅನುಚಿತ ವ್ಯಾಪಾರ ಪದ್ಧತಿ. ಗೆದ್ದವರ ಪಟ್ಟಿ ಪ್ರಕಟವಾಗಲೇಬೇಕು.

ಸ್ಕೂಟರ್ ಅಂದಿರಿ. ಬಹುಮಾನ 10,000 ರೂಪಾಯಿ ಮೀರಿದರೆ ಶೇ. 30 ಟಿಡಿಎಸ್ (ಕೊಡುವಾಗಲೇ ಹಿಡಿಯುವ ತೆರಿಗೆ). ವಸ್ತುವಾದರೆ ತೆರಿಗೆ ಕಟ್ಟಿದ ಮೇಲೇ ಹಸ್ತಾಂತರ. 90,000ದ ಗಾಡಿಗೆ 27,000. ಕೊಡುವವರು ಭರಿಸದಿದ್ದರೆ ಗೆದ್ದ ರೈತರ ಮನೆಗೆ ಹೋಗಿ 'ಮೊದಲು 27,000 ಕಟ್ಟಿ' ಅನ್ನಬೇಕಾಗುತ್ತದೆ. ಅದರ ಬದಲು ನೂರು ಜನಕ್ಕೆ ಐದೈದು ಕಿಲೋ ಅಚ್ಚು ಬೆಲ್ಲ ಕಳಿಸಿ. ಟಿಡಿಎಸ್ ಹಿಡಿಯಬೇಕಾಗಿಲ್ಲ, ಕಥೆಗೂ ಒಪ್ಪುತ್ತದೆ.

ಫೋನ್ ನಂಬರ್ ಪಡೆಯುವ ಕಡೆ ಒಪ್ಪಿಗೆಯ ಮಾತು ಕನ್ನಡದಲ್ಲಿರಲಿ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 18 ತುಂಬದವರೆಲ್ಲ ಮಕ್ಕಳೇ, ಅವರ ವಿವರಕ್ಕೆ ಹೆತ್ತವರ ಒಪ್ಪಿಗೆ ಬೇಕು. ನಂಬರ್ ಕೇಳದೆ ಆಡಿಸುವುದಕ್ಕೆ ಇದೂ ಒಂದು ಕಾರಣ.

ಉತ್ತರ 5 · ಮದ್ದೂರ್_ಸೀಮೆ

ಲೆಕ್ಕದ ಹಾಳೆ ಬರೆಯುವವರಿಗೆ ಒಂದು ಮಾತು. ಒಂದು ಟನ್ ಕಬ್ಬಿಗೆ ಹತ್ತತ್ತಿರ 100 ಕೆ.ಜಿ. ಬೆಲ್ಲ ಅನ್ನುವುದು ಸಾಮಾನ್ಯ ಲೆಕ್ಕ. ಹಾಗಂತ '12 ಟನ್ ಅರೆದು 900 ಕೆ.ಜಿ. ಬಂತು, ಇದೇ ಮೋಸ' ಅಂತ ಒಗಟು ಮಾಡಿದರೆ ನಮ್ಮ ಕಡೆಯವರು ಒಪ್ಪುವುದಿಲ್ಲ ಕಣ್ರೀ. ತಳಿ ಬೇರೆ ಇರಬಹುದು, ಕಡಿದು ಮೂರು ದಿನ ಬಿಟ್ಟು ಗಾಣಕ್ಕೆ ಕೊಟ್ಟಿರಬಹುದು, ಇಳುವರಿ ಇಳಿಯುತ್ತದೆ. ಒಂದೇ ಉತ್ತರ ಬರುವಂತೆ ಮಾಡಬೇಕಾದರೆ ಎರಡು ಹಾಳೆ ತಾಳೆ ನೋಡಿಸಿ: ಆದ ಬೆಲ್ಲ 1,180 ಕೆ.ಜಿ., ಮಂಡಿಗೆ ಹೋದದ್ದು 880, ಉಳಿಕೆ ಸೊನ್ನೆ. 300 ಕೆ.ಜಿ. ಎಲ್ಲಿ? ಇದಕ್ಕೆ ಯಾರೂ ಎದುರು ಹೇಳಲಾರರು.

ಬೆಲ್ಲದ ಬಗೆಯನ್ನೂ ಸರಿಯಾಗಿ ಬರೆಯಿರಿ. ಮಂಡ್ಯದ ಮಾರುಕಟ್ಟೆಯಲ್ಲಿ ಅಚ್ಚು, ಬಕೆಟ್, ಕುರಿಕಟ್ಟು ಅಂತ ಬೇರೆ ಬೇರೆ ದರ. ಬರೀ 'ಬೆಲ್ಲ' ಅಂತ ಯಾವ ಲೆಕ್ಕದಲ್ಲೂ ಇರುವುದಿಲ್ಲ. ಸೆಟ್ಟಿಗೆ ತರುವ ಬೆಲ್ಲ ಹಳದಿ ಹೊಳೆಯುತ್ತಿದ್ದರೆ ಅದು ಹೈಡ್ರೋಸ್ (ಬಣ್ಣ ತಿಳಿಯಾಗಿಸುವ ರಾಸಾಯನಿಕ) ಹಾಕಿದ್ದು. ಕಥೆಯಲ್ಲಿ ಸಾವಯವ ಅನ್ನುತ್ತಾ ಅದನ್ನು ತೋರಿಸಬೇಡಿ, ಕಂದು ಬಣ್ಣದ್ದು ತನ್ನಿ.

ಹೆಬ್ಬಾಳ್_ಸರ್ವರ್

ಒಂದು ಬಿಟ್ಟಿದ್ದೆ. ಮರುದಿನ ಮಧ್ಯಾಹ್ನದ ಮರುಪ್ರಸಾರದಲ್ಲೂ ಅದೇ ಕ್ಯೂಆರ್ ಕಾಣುತ್ತದೆ. ಕೆಲವು ಒಟಿಟಿಗಳಲ್ಲಿ ಹಣ ಕಟ್ಟಿದವರಿಗೆ ಟಿವಿಗಿಂತ ಮೊದಲೇ ಕಂತು ಸಿಗುವುದರಿಂದ ಹಾಳೆ ತೆರೆಯುವ ಸಮಯವನ್ನು ಅದಕ್ಕೂ ಹೊಂದಿಸಬೇಕು. ಒಂದು ಕಂತಿಗೆ ಒಂದು ಗಿಡ್ಡ ವಿಳಾಸ ಇರಲಿ, ಆಟ ಮುಗಿದ ಮೇಲೆ ಅದು ಆ ವಾರದ ಉತ್ತರದ ಪುಟಕ್ಕೆ ಹೋಗಲಿ. ಡೊಮೇನನ್ನು ವಾಹಿನಿಯ ಹೆಸರಿನಲ್ಲೇ ಐದು ವರ್ಷಕ್ಕೆ ಕೊಂಡಿಡಿ. ಕಂತುಗಳು ಯೂಟ್ಯೂಬಿನಲ್ಲಿ ಉಳಿದಿರುತ್ತವೆ. ಡೊಮೇನ್ ಬಿಟ್ಟುಹೋದರೆ ಜೂಜಿನ ತಾಣದವರು ಕೊಂಡುಕೊಂಡು, ಸೊಸೆಯ ಲೆಕ್ಕದ ಪುಸ್ತಕ ಸ್ಕ್ಯಾನ್ ಮಾಡಿದವರನ್ನು ತಮ್ಮಲ್ಲಿಗೆ ಕರೆದೊಯ್ಯುತ್ತಾರೆ.